ವಿಜಯಪುರದವರಿಗೆ ಡಾಲರ್, ದುಬೈಯವರಿಗೆ ರೂಪಾಯಿ: ವೆಬ್‌ಸೈಟಿಗೆ ಗಿರಾಕಿಯ ದೇಶ ತಿಳಿಯುವುದು ಹೇಗೆ?

ಪ್ರಶ್ನೆ: ಇಳಕಲ್‌ನಲ್ಲಿ ನಮ್ಮದು ಸೀರೆ ಅಂಗಡಿ, ಅಪ್ಪನ ಕಾಲದ್ದು. ಗುಳೇದಗುಡ್ಡ ಖಣವನ್ನೂ ಇಟ್ಟಿದ್ದೇವೆ. ಎರಡು ವರ್ಷದ ಹಿಂದೆ ಬಾಗಲಕೋಟೆಯ ಹುಡುಗನೊಬ್ಬನ ಕೈಲಿ ವರ್ಡ್‌ಪ್ರೆಸ್, ವೂಕಾಮರ್ಸ್‌ನಲ್ಲಿ ವೆಬ್‌ಸೈಟ್ ಮಾಡಿಸಿದೆವು. ಭಾರತದಿಂದ ನೋಡುವವರಿಗೆ ರೂಪಾಯಿ ದರ, ಹೊರದೇಶದವರಿಗೆ ಕೊರಿಯರ್ ಖರ್ಚು ಸೇರಿಸಿದ ಡಾಲರ್ ದರ ತಾನಾಗಿಯೇ ಬರುವಂತೆ ಮಾಡಿದ್ದಾನೆ. ಹತ್ತು ಆರ್ಡರ್‌ನಲ್ಲಿ ಒಂದು ಹೊರದೇಶದ್ದು ಇರುತ್ತದೆ. ಹೋದ ತಿಂಗಳು ಒಂದು ಬೆಳಿಗ್ಗೆ ವಿಜಯಪುರದ ಗಿರಾಕಿಯೊಬ್ಬರಿಗೆ 6,200 ರೂಪಾಯಿಯ ಸೀರೆ 118 ಡಾಲರ್ ಅಂತ ಕಂಡಿದೆ. ಅವರು ಸ್ಕ್ರೀನ್‌ಶಾಟ್ ತೆಗೆದು ‘ಇವರು ಮುಖ ನೋಡಿ ರೇಟು ಹಾಕುತ್ತಾರೆ’ ಅಂತ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಸಂಜೆ ಅದೇ ಫೋನಿನಲ್ಲಿ ರೂಪಾಯಿಯೇ ಬಂತು! ಗೂಗಲ್‌ನಲ್ಲಿ ಹುಡುಕಿದರೂ ನಮ್ಮ ಕೆಲವು ಸೀರೆಗೆ ಡಾಲರ್ ದರ ತೋರಿಸುತ್ತದೆ. ಇತ್ತ, ಮೂರು ವಾರಕ್ಕೆಂದು ದುಬೈಗೆ ಹೋದ ಪರಿಚಯದವರಿಗೆ ಅಲ್ಲಿ ರೂಪಾಯಿ ದರ ಕಂಡು, ಅದೇ ದರಕ್ಕೆ ದುಬೈ ವಿಳಾಸಕ್ಕೆ ಆರ್ಡರ್ ಮಾಡಿದರು. ಕೊರಿಯರ್ ದುಡ್ಡು ನಮ್ಮ ಮೈಮೇಲೆ ಬಂತು. ‘ದುಡ್ಡು ಕೊಟ್ಟು ಡೇಟಾಬೇಸ್ ತಗೊಳ್ಳಿ, ನೂರಕ್ಕೆ ನೂರು ಸರಿ ಬರುತ್ತದೆ’ ಅನ್ನುತ್ತಾರೆ ಒಬ್ಬರು. ‘ಲೊಕೇಶನ್ ಪರ್ಮಿಷನ್ ಕೇಳಿ’ ಅನ್ನುತ್ತಾರೆ ಇನ್ನೊಬ್ಬರು. ಸುಳ್ಳು ಆರ್ಡರ್ ಬರುವ ದೇಶಗಳನ್ನೇ ಬ್ಲಾಕ್ ಮಾಡಿ ಅನ್ನುವವರೂ ಇದ್ದಾರೆ. ಆದರೆ ನನಗಿರುವ ಆಸೆ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಯವರಿಗೆ ಡೆಲಿವರಿ ಫ್ರೀ ಅಂತ ತೋರಿಸುವುದು. ಏನು ಮಾಡಬೇಕು?

ಉತ್ತರ: ನಿಮ್ಮ ಎರಡೂ ದೂರು ಮೇಲ್ನೋಟಕ್ಕೆ ಒಂದೇ ಕಾಯಿಲೆಯಂತೆ ಕಾಣುತ್ತವೆ: ವೆಬ್‌ಸೈಟ್ ಗಿರಾಕಿಯ ದೇಶವನ್ನು ತಪ್ಪಾಗಿ ಗುರುತಿಸುತ್ತಿದೆ ಎಂದು. ಪತ್ರದ ವಿವರ ನೋಡಿದರೆ ನನಗೆ ಹಾಗನ್ನಿಸುವುದಿಲ್ಲ. ವಿಜಯಪುರದವರ ದೇಶ ಯಾವುದೆಂದು ನಿಮ್ಮ ಸೈಟು ಅವತ್ತು ಬಹುಶಃ ನೋಡಿಯೇ ಇಲ್ಲ. ದುಬೈಗೆ ಹೋದವರದ್ದನ್ನು ನೋಡಿದೆ, ಮತ್ತು ತನಗೆ ಕಂಡಷ್ಟನ್ನು ಸರಿಯಾಗಿಯೇ ಹೇಳಿದೆ. ಆದ್ದರಿಂದ ಡೇಟಾಬೇಸ್‌ಗೆ ದುಡ್ಡು ಕೊಡುವ ಮಾತು ಸದ್ಯಕ್ಕೆ ಬದಿಗಿರಲಿ.

ಮೊದಲು ಸೈಟಿಗೆ ಕಾಣುವುದೇನು ಅಂತ ಹೇಳುತ್ತೇನೆ. ನಿಮ್ಮ ಪುಟ ತೆರೆದವರ ಐಪಿ ವಿಳಾಸ, ಅಂದರೆ ಇಂಟರ್‌ನೆಟ್‌ನಲ್ಲಿ ಅವರ ಸಂಪರ್ಕಕ್ಕಿರುವ ಸಂಖ್ಯೆ, ನಿಮ್ಮ ಸೈಟು ಕೂತಿರುವ ಕಂಪ್ಯೂಟರಿಗೆ, ಅಂದರೆ ಸರ್ವರ್‌ಗೆ ಬರುತ್ತದೆ. ಅದರೊಳಗೆ ದೇಶದ ಹೆಸರೇನೂ ಬರೆದಿರುವುದಿಲ್ಲ. ಈ ವಿಳಾಸಗಳನ್ನು ಜಗತ್ತಿನಲ್ಲಿ ಐದು ಪ್ರಾದೇಶಿಕ ಸಂಸ್ಥೆಗಳು ಹಂಚುತ್ತವೆ. ನಮ್ಮ ಭಾಗಕ್ಕೆ ಎಪಿನಿಕ್, ಅದರ ಕೆಳಗೆ ಭಾರತಕ್ಕೆ ಐಆರ್‌ಐಎನ್‌ಎನ್. ಯಾವ ಗುಂಪಿನ ವಿಳಾಸ ಯಾವ ದೇಶದ ಕಂಪನಿಯ ಹೆಸರಿನಲ್ಲಿದೆ ಎಂಬ ಪಟ್ಟಿಯನ್ನು ಇವು ಎಲ್ಲರಿಗೂ ತೆರೆದಿಟ್ಟಿವೆ. ಇದನ್ನು ಗಾಡಿಯ ನಂಬರ್ ಪ್ಲೇಟಿನಂತೆ ತಿಳಿಯಿರಿ. ಕೆಎ 29 ಅಂದರೆ ಬಾಗಲಕೋಟೆಯಲ್ಲಿ ನೋಂದಣಿಯಾದ ಗಾಡಿ ಅಂತಷ್ಟೇ, ಈಗ ಅದು ಪುಣೆಯ ರಸ್ತೆಯಲ್ಲಿ ಓಡುತ್ತಿರಬಹುದು. ಮ್ಯಾಕ್ಸ್‌ಮೈಂಡ್‌ನಂಥ ಕಂಪನಿಗಳು ಈ ನೋಂದಣಿ ಪಟ್ಟಿಯ ಜತೆಗೆ ಇಂಟರ್‌ನೆಟ್ ಕಂಪನಿಗಳು ತಾವೇ ಕೊಡುವ ಮಾಹಿತಿ, ನೆಟ್‌ವರ್ಕ್‌ನ ಅಳತೆ ಇತ್ಯಾದಿ ಸೇರಿಸಿ ‘ಈ ವಿಳಾಸ ಈ ದೇಶದಲ್ಲಿ ಬಳಕೆಯಲ್ಲಿದೆ’ ಎಂಬ ಅಂದಾಜು ಪಟ್ಟಿ ಮಾಡುತ್ತವೆ. ನಿಮ್ಮ ಸಲಹೆಗಾರರು ಹೇಳಿದ ಡೇಟಾಬೇಸ್ ಅಂದರೆ ಇದೇ. ದೇಶದ ಮಟ್ಟಿಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ನೂರಕ್ಕೆ ನೂರು ಅನ್ನುವುದು ಮಾತ್ರ ಮಾರುವವರ ಮಾತು.

ಈಗ ವಿಜಯಪುರದ ಸ್ಕ್ರೀನ್‌ಶಾಟ್‌ಗೆ ಬರೋಣ. ಬೆಳಿಗ್ಗೆ ಡಾಲರ್, ಸಂಜೆ ಅದೇ ಫೋನಿನಲ್ಲಿ ರೂಪಾಯಿ. ಎಲ್ಲ ಸೀರೆಗೂ ಹಾಗಾಗಿಲ್ಲ, ಕೆಲವಕ್ಕೆ ಮಾತ್ರ. ಈ ಎರಡು ಲಕ್ಷಣ ಕೂಡಿ ಬಂದರೆ ನಾನು ಮೊದಲು ಕೈಹಾಕುವುದು ಕ್ಯಾಶಿಂಗ್ ಪ್ಲಗಿನ್‌ಗೆ, ಅಂದರೆ ಸೈಟಿಗೆ ಸೇರಿಸಿದ ಒಂದು ಸಣ್ಣ ತಂತ್ರಾಂಶಕ್ಕೆ. ಸೈಟು ಬೇಗ ತೆರೆಯಲಿ ಅಂತ ಇದು ಪ್ರತಿ ಪುಟವನ್ನೂ ಒಮ್ಮೆ ತಯಾರಿಸಿ ಹಾಗೇ ಎತ್ತಿಡುತ್ತದೆ, ಮುಂದೆ ಬಂದವರಿಗೆಲ್ಲ ಅದೇ ಪ್ರತಿಯನ್ನು ಕೊಡುತ್ತದೆ. ಹೀಗೆ ಎತ್ತಿಟ್ಟ ಪ್ರತಿಗಳ ದಾಸ್ತಾನಿಗೇ ಕ್ಯಾಶ್ ಅನ್ನುವುದು. ನ್ಯೂಜೆರ್ಸಿಯಲ್ಲಿ ರಾತ್ರಿ ಎಂಟು ಗಂಟೆ ಅಂದರೆ ನಮ್ಮಲ್ಲಿ ಬೆಳಗಿನ ಐದೂವರೆ, ಅವರ ಚಳಿಗಾಲದಲ್ಲಿ ಆರೂವರೆ. ಊಟ ಮುಗಿಸಿ ಅಲ್ಲಿಯ ಕನ್ನಡತಿಯೊಬ್ಬರು ನಿಮ್ಮ ಗೋಮಿ ದಡಿಯ ಸೀರೆ ತೆರೆದು ನೋಡಿದರು ಅನ್ನಿ. ಅವರಿಗಾಗಿ ತಯಾರಾದ ಡಾಲರ್ ಪುಟ ಕ್ಯಾಶ್‌ನಲ್ಲಿ ಕೂತಿತು. ಎಂಟು ಗಂಟೆಗೆ ವಿಜಯಪುರದವರು ಚಹಾ ಕುಡಿಯುತ್ತ ಅದೇ ಸೀರೆ ತೆರೆದಾಗ ಬಂದದ್ದು ಆ ಪುಟ. ಕೆಲವು ತಾಸಿನ ಮೇಲೆ ಅದರ ಅವಧಿ ಮುಗಿದು ಹೊಸ ಪ್ರತಿ ತಯಾರಾದಾಗ ಎಲ್ಲ ಸರಿಹೋಯಿತು.

ಇದಕ್ಕೆ ಅಮೆರಿಕದ ಗಿರಾಕಿಯೇ ಬರಬೇಕೆಂದಿಲ್ಲ. ಗೂಗಲ್‌ನ ಬಾಟ್, ಅಂದರೆ ಹುಡುಕಾಟಕ್ಕಾಗಿ ಪುಟಗಳನ್ನು ಓದುತ್ತ ಹೋಗುವ ಯಂತ್ರ, ಹೆಚ್ಚಾಗಿ ಅಮೆರಿಕದ ಐಪಿ ವಿಳಾಸಗಳಿಂದಲೇ ಬರುತ್ತದೆ. ಅದಕ್ಕೆ ನಿಮ್ಮ ಸೈಟು ಭಕ್ತಿಯಿಂದ ಡಾಲರ್ ದರ ತೋರಿಸಿದೆ, ಅದು ಹಾಗೇ ಬರೆದುಕೊಂಡು ಹೋಗಿದೆ. ಹುಡುಕಿದಾಗ ಡಾಲರ್ ಕಾಣುವುದಕ್ಕೆ ಕಾರಣ ಇದು. ಐಪಿ ನೋಡಿ ಪುಟ ಬದಲಿಸಬೇಡಿ ಎಂದು ಗೂಗಲ್ ತನ್ನ ಸೂಚನೆಗಳಲ್ಲೇ ಹೇಳುತ್ತದೆ. ಅಂಗಡಿ ಸೈಟು ಮಾಡುವ ನಮ್ಮ ಹುಡುಗರು ಆ ಸಾಲನ್ನು ಓದುವುದು ಕಡಿಮೆ.

ನಿಮ್ಮ ಹುಡುಗನಿಗೆ ಹೇಳಿ: ವೂಕಾಮರ್ಸ್‌ನ ಜನರಲ್ ಸೆಟ್ಟಿಂಗ್ಸ್‌ನಲ್ಲಿ ‘ಡಿಫಾಲ್ಟ್ ಕಸ್ಟಮರ್ ಲೊಕೇಶನ್’ ಅಂತ ಒಂದು ಖಾನೆ ಇದೆ. ಅದರಲ್ಲಿ ಬರೀ ‘ಜಿಯೊಲೊಕೇಟ್’ ಅಂತಿದ್ದರೆ ಕ್ಯಾಶ್ ಜತೆ ಜಗಳ ಗ್ಯಾರಂಟಿ. ‘ವಿತ್ ಪೇಜ್ ಕ್ಯಾಶಿಂಗ್ ಸಪೋರ್ಟ್’ ಎಂಬ ಇನ್ನೊಂದು ಆಯ್ಕೆ ಅಲ್ಲೇ ಇದೆ. ಅದು ಪುಟದ ವಿಳಾಸದ ಕೊನೆಗೆ ಒಂದು ಚಿಕ್ಕ ಗುರುತು ಅಂಟಿಸಿ ಬೇರೆ ಬೇರೆ ಕಡೆಯವರಿಗೆ ಬೇರೆ ಬೇರೆ ಪ್ರತಿ ಇಡಿಸುತ್ತದೆ. ಲಿಂಕ್ ನೋಡಲು ಸ್ವಲ್ಪ ಕುರೂಪ, ಕ್ಯಾಶ್‌ನ ಲಾಭವೂ ಅಷ್ಟು ಕಡಿಮೆ. ಡಾಲರ್‌ಗೆ ಬೇರೆ ಕರೆನ್ಸಿ ಪ್ಲಗಿನ್ ಹಾಕಿದ್ದರೆ ಅದರೊಳಗೂ ಇಂಥದೇ ಆಯ್ಕೆ ಇದೆಯೇ ಅಂತ ನೋಡಬೇಕು.

ಕ್ಯಾಶ್ ತೆಗೆದರೂ ತೊಂದರೆ ಹೋಗದಿದ್ದರೆ ಎರಡನೆಯ ಅನುಮಾನ ಕ್ಲೌಡ್‌ಫ್ಲೇರ್‌ನಂಥ ನಡುವಿನ ಸೇವೆಯ ಮೇಲೆ. ಇಂಥದ್ದನ್ನು ಹಾಕಿಸಿದರೆ ಗಿರಾಕಿ ನೇರವಾಗಿ ನಿಮ್ಮ ಸರ್ವರ್‌ಗೆ ಬರುವುದಿಲ್ಲ, ಅದರ ಮೂಲಕ ಬರುತ್ತಾನೆ. ಸರ್ವರ್‌ಗೆ ಕಾಣುವುದು ಗಿರಾಕಿಯ ಐಪಿ ಅಲ್ಲ, ಆ ಸೇವೆಯದ್ದು. ಸರ್ವರ್‌ನ ಆಕ್ಸೆಸ್ ಲಾಗ್, ಅಂದರೆ ಯಾವ ವಿಳಾಸದಿಂದ ಯಾರು ಬಂದರೆಂಬ ದಾಖಲೆ, ತೆರೆದು ನೋಡಿ. ಸಾಲುಸಾಲಾಗಿ 162.158 ಅಥವಾ 172.70ರಿಂದ ಶುರುವಾಗುವ ವಿಳಾಸಗಳೇ ಇದ್ದರೆ ಅವು ಕ್ಲೌಡ್‌ಫ್ಲೇರ್‌ನವು, ಅಮೆರಿಕದ ಕಂಪನಿಯ ಹೆಸರಿನಲ್ಲಿರುವಂಥವು. ಅದನ್ನು ನಂಬಿದರೆ ಮುಧೋಳದವರೂ ಅಮೆರಿಕನ್ನರಾಗುತ್ತಾರೆ. ಪರಿಹಾರ ಸುಲಭ, ಖರ್ಚೂ ಇಲ್ಲ. ಕ್ಲೌಡ್‌ಫ್ಲೇರ್‌ನಲ್ಲಿ ಐಪಿ ಜಿಯೊಲೊಕೇಶನ್ ಎಂಬ ಸ್ವಿಚ್ ಆನ್ ಮಾಡಿದರೆ ಪ್ರತಿ ಭೇಟಿಯ ಜತೆ ಎರಡಕ್ಷರದ ದೇಶದ ಕೋಡ್ ಕಳಿಸುತ್ತದೆ. ಭಾರತಕ್ಕೆ ಐಎನ್, ಅಮೆರಿಕಕ್ಕೆ ಯುಎಸ್, ಯುಎಇಗೆ ಎಇ. ದೇಶ ಗೊತ್ತಾಗದಿದ್ದರೆ ಎಕ್ಸ್‌ಎಕ್ಸ್. ವೂಕಾಮರ್ಸ್ ಅದನ್ನು ತಾನಾಗಿಯೇ ಓದಿಕೊಳ್ಳುತ್ತದೆ. ಈ ಎಕ್ಸ್‌ಎಕ್ಸ್ ಬಂದಾಗ ಏನು ಮಾಡಬೇಕು ಅಂತ ಮೊದಲೇ ಹೇಳಿಟ್ಟಿರಬೇಕು. ಬಹಳ ಸೈಟುಗಳಲ್ಲಿ ಗೊತ್ತಾಗದವರೆಲ್ಲ ‘ಭಾರತವಲ್ಲ’ ಎಂಬ ಬುಟ್ಟಿಗೆ ಬಿದ್ದು ಡಾಲರ್ ನೋಡುತ್ತಾರೆ.

ಭಾರತದಲ್ಲಿ ಗೊತ್ತಾಗದಿರುವುದಕ್ಕೆ ಒಂದು ವಿಶೇಷ ಕಾರಣವಿದೆ. ನಮ್ಮ ಅರ್ಧಕ್ಕಿಂತ ಹೆಚ್ಚು ಜನ ಈಗ ಬಳಸುವುದು ಐಪಿವಿ6, ಅಂದರೆ ಹೊಸ ಮಾದರಿಯ ಉದ್ದ ವಿಳಾಸ. ಜಿಯೊ ಬಂದ ಮೇಲಂತೂ ಹಳ್ಳಿಯ ಫೋನೂ ಇದರಲ್ಲೇ ಓಡುತ್ತದೆ. ಹಳೇ ಪ್ಲಗಿನ್‌ಗಳಲ್ಲಿ ಕೆಲವಕ್ಕೆ ಐಪಿವಿ4 ಮಾತ್ರ ಓದಲು ಬರುತ್ತದೆ. ಉದ್ದ ವಿಳಾಸ ಕಂಡರೆ ಕೈಚೆಲ್ಲುತ್ತವೆ.

ಇನ್ನು ಡೇಟಾಬೇಸ್. ಹಳೇ ಐಪಿವಿ4 ವಿಳಾಸಗಳು ಇರುವುದೇ ಸುಮಾರು 430 ಕೋಟಿ. 2011ರ ಫೆಬ್ರವರಿಯಲ್ಲಿ ಜಾಗತಿಕ ದಾಸ್ತಾನು ಮುಗಿಯಿತು, ಏಪ್ರಿಲ್‌ನಲ್ಲಿ ಎಪಿನಿಕ್‌ನದೂ ಕೊನೆಯ ಕಂತಿಗೆ ಬಂತು. ಆಮೇಲಿಂದ ಈ ವಿಳಾಸಗಳು ಹೊಲದಂತೆ ಮಾರಾಟವಾಗುತ್ತಿವೆ. ನಿನ್ನೆ ಅಮೆರಿಕದ ಕಂಪನಿಯ ಕೈಲಿದ್ದ ಗುಂಪು ಇವತ್ತು ಭಾರತದ ಬ್ರಾಡ್‌ಬ್ಯಾಂಡ್ ಕಂಪನಿಯ ಕೈಲಿರಬಹುದು. ಡೇಟಾಬೇಸ್ ಹಳೆಯದಾದರೆ ಹೊಸ ಒಡೆಯನ ಸುದ್ದಿ ಅದಕ್ಕೆ ಗೊತ್ತಿರುವುದಿಲ್ಲ. ಮ್ಯಾಕ್ಸ್‌ಮೈಂಡ್‌ನ ಉಚಿತ ಆವೃತ್ತಿ ಜಿಯೊಲೈಟ್2 ವಾರದಲ್ಲೇ ಹೊಸದಾಗುತ್ತಿರುತ್ತದೆ. ಆದರೆ 2019ರ ಡಿಸೆಂಬರ್ 30ರಿಂದ ಅದನ್ನು ಇಳಿಸಿಕೊಳ್ಳಲು ಹೆಸರು ನೋಂದಾಯಿಸಿ ಲೈಸೆನ್ಸ್ ಕೀ ಪಡೆಯಬೇಕು. ಆ ಕೀ ಹಾಕದೆ ವರ್ಷಗಟ್ಟಲೆ ಹಳೇ ಫೈಲಿನ ಮೇಲೆ ನಡೆಯುತ್ತಿರುವ ಅಂಗಡಿಗಳು ಬೇಕಾದಷ್ಟು. ನಿಮ್ಮದರಲ್ಲಿ ಆ ಖಾನೆ ಖಾಲಿ ಇದೆಯೇ ನೋಡಿಸಿ. ದುಡ್ಡು ಕೊಟ್ಟ ಡೇಟಾಬೇಸ್ ಬೇಕಾಗುವುದು ಊರು, ಇಂಟರ್‌ನೆಟ್ ಕಂಪನಿ ಇಂಥ ಸೂಕ್ಷ್ಮ ವಿವರಕ್ಕೆ. ದೇಶವೊಂದೇ ಸಾಕು ಅನ್ನುವವರಿಗೆ ಉಚಿತವೇ ನಡೆಯುತ್ತದೆ.

ದುಬೈ ವಿಷಯ ಬೇರೆ. ಅವರು ಹೋದದ್ದು ಮೂರು ವಾರಕ್ಕೆ. ಹಾಗಿದ್ದರೆ ಇಲ್ಲಿಯ ಸಿಮ್ಮನ್ನೇ ಇಂಟರ್‌ನ್ಯಾಷನಲ್ ರೋಮಿಂಗ್‌ಗೆ ಹಾಕಿಸಿಕೊಂಡಿರುವ ಸಂಭವ ಹೆಚ್ಚು. ರೋಮಿಂಗ್‌ನಲ್ಲಿ ಡೇಟಾ ಸಾಮಾನ್ಯವಾಗಿ ತವರಿನ ಕಂಪನಿಗೆ ಹಿಂದಿರುಗಿ, ಅಲ್ಲಿಂದ ಇಂಟರ್‌ನೆಟ್‌ಗೆ ಹೊರಡುತ್ತದೆ. ಅವರು ದೇರಾ ಬಜಾರಿನಲ್ಲಿ ನಿಂತಿದ್ದರೂ ನಿಮ್ಮ ಸರ್ವರ್‌ಗೆ ಕಂಡದ್ದು ಭಾರತದ ಐಪಿ. ಇದರ ತಿರುವುಮುರುವೂ ಆಗುತ್ತದೆ: ಜಾತ್ರೆಗೆಂದು ಬಂದ ಅಮೆರಿಕದ ಮಗಳು ತನ್ನ ಅಲ್ಲಿಯ ಸಿಮ್‌ನಲ್ಲೇ ನಿಮ್ಮ ಅಂಗಡಿಯ ಎದುರಿಗೆ ನಿಂತು ಸೈಟ್ ತೆರೆದರೆ ಡಾಲರ್ ಬರುತ್ತದೆ. ಪ್ರವಾಸಿಗರು ಕೊಳ್ಳುವ ಇ–ಸಿಮ್‌ಗಳಲ್ಲಂತೂ ಡೇಟಾ ಮೂರನೆಯದೇ ದೇಶದಿಂದ ಹೊರಬೀಳುವುದುಂಟು. ಇವರಲ್ಲಿ ಯಾರೂ ಮೋಸ ಮಾಡಿದವರಲ್ಲ.

ವಿಪಿಎನ್, ಅಂದರೆ ಇಂಟರ್‌ನೆಟ್ ಸಂಪರ್ಕವನ್ನು ಬೇರೊಂದು ಕಡೆಯ ಸರ್ವರ್ ಮೂಲಕ ಹಾಯಿಸುವ ಸೇವೆ, ಬಳಸುವವರನ್ನೂ ಕಳ್ಳರ ಸಾಲಿಗೆ ಸೇರಿಸಬೇಡಿ. ಯುಎಇಯಲ್ಲಿ ವಾಟ್ಸಾಪ್ ಕರೆಗೆ ನಿರ್ಬಂಧವಿದೆ ಎಂಬ ಕಾರಣಕ್ಕೇ ಅದನ್ನು ಹಾಕಿಕೊಂಡವರಿದ್ದಾರೆ. ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುವವರಿಗೆ ಅದು ಕಡ್ಡಾಯ. ವಿಪಿಎನ್‌ನ ದೇಶವನ್ನೂ ನಂಬುವಂತಿಲ್ಲ. ಬಳಕೆದಾರರ ವಿವರ ಐದು ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್–ಇನ್ 2022ರ ಏಪ್ರಿಲ್ 28ರಂದು ಆದೇಶಿಸಿದಾಗ ಹಲವು ಅಂತರರಾಷ್ಟ್ರೀಯ ವಿಪಿಎನ್ ಕಂಪನಿಗಳು ಭಾರತದಲ್ಲಿದ್ದ ಸರ್ವರ್‌ಗಳನ್ನು ಎತ್ತಿಕೊಂಡು ಹೋದವು. ಆದರೂ ಕೆಲವು ‘ಇಂಡಿಯಾ’ ಎಂಬ ಆಯ್ಕೆ ಉಳಿಸಿಕೊಂಡವು: ವಿಳಾಸ ಭಾರತದ್ದು, ಯಂತ್ರ ಸಿಂಗಾಪುರದಲ್ಲಿ! ಇಂಥದ್ದನ್ನು ಯಾವ ಡೇಟಾಬೇಸ್ ‘ಸರಿಯಾಗಿ’ ಹೇಳಬೇಕು?

ಲೊಕೇಶನ್ ಪರ್ಮಿಷನ್ ಕೇಳುವ ಸಲಹೆ ನನಗೆ ಒಪ್ಪಿಗೆಯಿಲ್ಲ. ಸೀರೆ ನೋಡಲು ಬಂದವರಿಗೆ ಮೊದಲು ಎದುರಾಗುವುದು ‘ನೀವು ಎಲ್ಲಿದ್ದೀರಿ ಅಂತ ತಿಳಿಯಬಹುದೇ’ ಎಂಬ ಪ್ರಶ್ನೆಯಾದರೆ ಬಹುತೇಕರು ಬ್ಲಾಕ್ ಒತ್ತುತ್ತಾರೆ, ಕೆಲವರು ಸೈಟನ್ನೇ ಮುಚ್ಚುತ್ತಾರೆ. ಒಮ್ಮೆ ಬ್ಲಾಕ್ ಒತ್ತಿದರೆ ಬ್ರೌಸರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಕೆಲವು ಡೆವಲಪರ್‌ಗಳು ಬ್ರೌಸರ್‌ನ ಭಾಷೆ ನೋಡುತ್ತಾರೆ, ಅದೂ ವ್ಯರ್ಥ. ಹೊಸ ಲ್ಯಾಪ್‌ಟಾಪ್ ‘ಇಂಗ್ಲಿಷ್, ಅಮೆರಿಕ’ ಎಂಬ ಸೆಟ್ಟಿಂಗ್‌ನಲ್ಲೇ ಬರುತ್ತದೆ, ಬದಲಿಸುವ ಗೋಜಿಗೆ ನಮ್ಮಲ್ಲಿ ಯಾರೂ ಹೋಗುವುದಿಲ್ಲ. ಇವೆರಡಕ್ಕಿಂತ ಫೋನಿನ ಟೈಮ್‌ಝೋನ್ ಒಳ್ಳೆಯ ಸುಳಿವು, ಪರ್ಮಿಷನ್ ಬೇಕಿಲ್ಲ. ಅದರಲ್ಲೂ ಒಂದು ತೊಡಕಿದೆ. ಕೆಲವು ಬ್ರೌಸರ್‌ಗಳು ‘ಏಷ್ಯಾ/ಕೋಲ್ಕತಾ’ ಅಂತ ಹೇಳಿದರೆ, ಕ್ರೋಮ್ ಹಳೇ ಹೆಸರನ್ನು ಹಿಡಿದು ‘ಏಷ್ಯಾ/ಕ್ಯಾಲ್ಕಟಾ’ ಅನ್ನುವುದುಂಟು. ಕೋಡ್‌ನಲ್ಲಿ ಎರಡನ್ನೂ ಬರೆದಿರದಿದ್ದರೆ ನಮ್ಮಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಬ್ರೌಸರ್‌ನವರೇ ಹೊರದೇಶದವರಾಗುತ್ತಾರೆ.

ಹಾಗಾದರೆ ಏನು ಮಾಡಬೇಕು? ನಾನಾಗಿದ್ದರೆ ದರ ಬದಲಿಸುವ ಕೆಲಸವನ್ನು ಈ ಅಂದಾಜಿನ ಕೈಯಿಂದ ಕಿತ್ತುಕೊಳ್ಳುತ್ತೇನೆ. ಮುಖ್ಯ ಪುಟದಲ್ಲಿ ಎಲ್ಲರಿಗೂ ರೂಪಾಯಿ ದರವೇ ಇರಲಿ. ಪುಟ ತೆರೆದ ಮೇಲೆ ಒಂದು ಸಣ್ಣ ಸ್ಕ್ರಿಪ್ಟ್ ದೇಶ ಕೇಳಿಕೊಂಡು, ಹೊರದೇಶ ಅನ್ನಿಸಿದರೆ ಮೇಲ್ಗಡೆ ಒಂದು ಪಟ್ಟಿ ತೋರಿಸಲಿ: ‘ಹೊರದೇಶಕ್ಕೆ ಕಳಿಸಬೇಕೆ? ಡಾಲರ್ ದರ ಇಲ್ಲಿ ನೋಡಿ.’ ಅಂದಾಜು ತಪ್ಪಿದರೆ ವಿಜಯಪುರದವರಿಗೆ ಒಂದು ಸಂಬಂಧವಿಲ್ಲದ ಪಟ್ಟಿ ಕಾಣುತ್ತದೆ, ಅಷ್ಟೇ. ಅದರ ಸ್ಕ್ರೀನ್‌ಶಾಟ್ ಯಾರೂ ಗ್ರೂಪಿಗೆ ಹಾಕುವುದಿಲ್ಲ. ಡಾಲರ್ ಪುಟಕ್ಕೆ ಬೇರೆಯೇ ವಿಳಾಸ ಇರುವುದರಿಂದ ಕ್ಯಾಶ್ ಕಲಸುವುದಿಲ್ಲ, ಗೂಗಲ್‌ಗೂ ಎರಡನ್ನೂ ಬೇರೆ ಬೇರೆ ಎಂದು ಹೇಳಬಹುದು. ಗಿರಾಕಿ ಒಮ್ಮೆ ಆರಿಸಿದ್ದನ್ನು ಕುಕಿಯಲ್ಲಿ, ಅಂದರೆ ಅವರ ಬ್ರೌಸರ್‌ನಲ್ಲಿ ಉಳಿಯುವ ಚಿಕ್ಕ ಟಿಪ್ಪಣಿಯಲ್ಲಿ, ನೆನಪಿಟ್ಟುಕೊಳ್ಳಿ, ಆಮೇಲೆ ಐಪಿ ಏನೇ ಹೇಳಲಿ ಗಿರಾಕಿಯ ಮಾತೇ ನಡೆಯಬೇಕು.

ಇದಕ್ಕಿಂತ ಮುಖ್ಯವಾದದ್ದು ಕೊರಿಯರ್. ಅದನ್ನು ಸೀರೆಯ ದರದೊಳಗೆ ಸೇರಿಸಿದ್ದೇ ದುಬೈ ನಷ್ಟಕ್ಕೆ ಮೂಲ. ವೂಕಾಮರ್ಸ್‌ನ ಶಿಪ್ಪಿಂಗ್ ಝೋನ್‌ನಲ್ಲಿ ಯುಎಇಗೆ ಇಷ್ಟು, ಅಮೆರಿಕಕ್ಕೆ ಇಷ್ಟು ಎಂದು ಹಾಕಿದರೆ ಡೆಲಿವರಿ ವಿಳಾಸ ಬರೆದ ಕೂಡಲೇ ಲೆಕ್ಕ ಸೇರುತ್ತದೆ. ಪಾರ್ಸೆಲ್ ಹೋಗುವುದು ವಿಳಾಸಕ್ಕೇ ಹೊರತು ಐಪಿಗಲ್ಲ, ಸುಂಕವೂ ಹಾಗೆಯೇ. ಅಮೆರಿಕ 800 ಡಾಲರ್‌ವರೆಗಿನ ಪಾರ್ಸೆಲ್‌ಗಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ನಿಲ್ಲಿಸಿದ ಮೇಲೆ ಅಲ್ಲಿಗೆ ಹೋಗುವ ಒಂದೊಂದು ಸೀರೆಗೂ ಇದನ್ನು ಗಮನಿಸಬೇಕಾಗಿದೆ. ಆ ಸುಂಕ ಯಾರು ಕಟ್ಟಬೇಕು ಎಂಬುದನ್ನು ಡಾಲರ್ ಪುಟದಲ್ಲೇ ಬರೆದುಬಿಡಿ.

ಬೇರೆ ದಾರಿಗಳೂ ಇವೆ. ಈಗಿನ ಏರ್ಪಾಡನ್ನೇ ಉಳಿಸಿಕೊಂಡು ಕ್ಯಾಶ್ ಸರಿಪಡಿಸಿ, ಪ್ರತಿ ಪುಟದಲ್ಲೂ ದೇಶ ಬದಲಿಸುವ ಗುಂಡಿ ಇಡಬಹುದು. ಕೆಲಸ ಕಡಿಮೆ, ಆದರೆ ಹೊಸ ಪ್ಲಗಿನ್ ಅಪ್‌ಡೇಟ್ ಬಂದಾಗಲೆಲ್ಲ ಹಳೇ ರೋಗ ಮರಳುವ ಭಯ ಇರುತ್ತದೆ, ಗೂಗಲ್‌ನ ಡಾಲರ್ ಹೋಗುವುದಿಲ್ಲ. ಬಂದವರನ್ನೆಲ್ಲ ಮೊದಲು ದೇಶ ಕೇಳುವುದು ನಿಖರ, ಆದರೆ ಹತ್ತರಲ್ಲಿ ಒಬ್ಬರಿಗಾಗಿ ಒಂಬತ್ತು ಜನರನ್ನು ಬಾಗಿಲಲ್ಲಿ ನಿಲ್ಲಿಸಿದಂತಾಗುತ್ತದೆ. ಡಾಲರ್ ಸಹವಾಸವೇ ಬೇಡ ಎಂದು ಎಲ್ಲರಿಗೂ ರೂಪಾಯಿಯಲ್ಲೇ ಮಾರುವುದೂ ಉಂಟು. ಹೊರದೇಶದ ಕಾರ್ಡನ್ನು ಅವರ ಬ್ಯಾಂಕೇ ಪರಿವರ್ತಿಸಿಕೊಳ್ಳುತ್ತದೆ, ಅವರಿಗೆ ಸ್ವಲ್ಪ ಶುಲ್ಕ ಬೀಳುತ್ತದೆ. ನಿಮ್ಮ ಹುಡುಗನಿಗೆ ಪುರಸೊತ್ತಿಲ್ಲ ಎಂದಾದರೆ ಅಷ್ಟು ವಹಿವಾಟಿಗೆ ಇದೂ ನಡೆಯುತ್ತದೆ, ನಾನು ಬೇಡ ಅನ್ನುವುದಿಲ್ಲ.

ದೇಶಗಳನ್ನು ಬ್ಲಾಕ್ ಮಾಡುವುದರಿಂದ ಸುಳ್ಳು ಆರ್ಡರ್ ನಿಲ್ಲುವುದಿಲ್ಲ. ಅಂಥವರಿಗೆ ವಿಪಿಎನ್ ಬದಲಿಸುವುದು ಅರ್ಧ ನಿಮಿಷದ ಕೆಲಸ. ನಿಲ್ಲುವವರು ಅಲ್ಲಿಯ ನಿಜವಾದ ಗಿರಾಕಿಗಳು. ಐಪಿಯ ದೇಶ, ಡೆಲಿವರಿ ದೇಶ, ಕಾರ್ಡ್ ಕೊಟ್ಟ ಬ್ಯಾಂಕಿನ ದೇಶ ಈ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿ. ಕಾರ್ಡಿನ ಮೊದಲ 6ರಿಂದ 8 ಅಂಕಿಯಲ್ಲೇ ಬ್ಯಾಂಕಿನ ಗುರುತು ಇರುವುದರಿಂದ ಅದರ ದೇಶವನ್ನು ಪೇಮೆಂಟ್ ಗೇಟ್‌ವೇ ಹೇಳಬಲ್ಲದು. ಮೂರೂ ಮೂರು ದಿಕ್ಕಿಗೆ ಹೋದರೆ ಆರ್ಡರ್ ತಡೆಹಿಡಿದು ಒಂದು ಫೋನ್ ಮಾಡಿ. ಐಪಿಯೊಂದೇ ಬೇರೆಯಾಗಿದ್ದರೆ ಚಿಂತೆ ಬೇಡ, ರೋಮಿಂಗ್ ಇರಬಹುದು. ಡಿಜಿಟಲ್ ಸೇವೆ ಮಾರುವವರ ತೆರಿಗೆಗೆ ಐರೋಪ್ಯ ಒಕ್ಕೂಟ ಕೂಡ ಸಾಮಾನ್ಯವಾಗಿ ಒಂದಕ್ಕೊಂದು ತಾಳೆಯಾಗುವ ಎರಡು ಪುರಾವೆ ಕೇಳುತ್ತದೆ. ಐಪಿ ಅವುಗಳಲ್ಲಿ ಒಂದಾಗಬಹುದು, ಅಷ್ಟೇ. ಅಂದ ಹಾಗೆ, ಅಲ್ಲಿಯ ಕಾನೂನಿನಲ್ಲಿ ಐಪಿ ವಿಳಾಸವನ್ನು ವೈಯಕ್ತಿಕ ಮಾಹಿತಿಯಾಗಿ ನೋಡುತ್ತಾರೆ. ಆರ್ಡರ್ ಜತೆ ದೇಶದ ಕೋಡ್ ಇಟ್ಟುಕೊಂಡು, ಪೂರ್ತಿ ಐಪಿಯನ್ನು ಕೆಲವು ವಾರದ ಮೇಲೆ ಅಳಿಸುವ ರೂಢಿ ಒಳ್ಳೆಯದು.

ಕೊನೆಯದು ಮೂರು ಜಿಲ್ಲೆಗೆ ಫ್ರೀ ಡೆಲಿವರಿ. ಇದನ್ನು ಐಪಿಯಿಂದ ಮಾಡಲು ಹೋಗಲೇಬೇಡಿ. ಬೆಳಗಾವಿಯ ಖಡೇಬಜಾರಿನಲ್ಲಿ ಕೂತವರ ಮೊಬೈಲ್ ಡೇಟಾ ಬೆಂಗಳೂರು ಅಥವಾ ಮುಂಬೈಯ ಗೇಟ್‌ವೇಯಿಂದ ಹೊರಬಂದರೆ ಡೇಟಾಬೇಸ್ ಆ ಊರನ್ನೇ ಹೇಳುತ್ತದೆ. ಊರಿನ ಮಟ್ಟದಲ್ಲಿ ಈ ಪಟ್ಟಿಗಳು ಎಷ್ಟು ಎಡವುತ್ತವೆ ಅನ್ನುವುದಕ್ಕೆ ಅಮೆರಿಕದ ಕ್ಯಾನ್ಸಸ್‌ನ ಒಂದು ತೋಟದ ಮನೆಯ ಕಥೆ ಪ್ರಸಿದ್ಧ. ‘ಅಮೆರಿಕ ಅಂತ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ’ ಎಂಬ ವಿಳಾಸಗಳಿಗೆಲ್ಲ ಮ್ಯಾಕ್ಸ್‌ಮೈಂಡ್ ದೇಶದ ನಡುಮಧ್ಯದ ಒಂದು ಬಿಂದು ಕೊಟ್ಟಿತ್ತು. ಆ ಬಿಂದು ಬಿದ್ದದ್ದು ಈ ತೋಟದ ಮೇಲೆ. 60 ಕೋಟಿಗೂ ಹೆಚ್ಚು ಐಪಿ ವಿಳಾಸಗಳು ಅಲ್ಲಿಯವು ಎಂದಾಗಿ, ಆನ್‌ಲೈನ್ ಕಳ್ಳರನ್ನು ಹುಡುಕಿಕೊಂಡು ಪೊಲೀಸರು, ಮೋಸ ಹೋದವರು ವರ್ಷಗಟ್ಟಲೆ ಆ ಮನೆಯ ಬಾಗಿಲು ತಟ್ಟಿದರು. 2016ರಲ್ಲಿ ಸುದ್ದಿಯಾದ ಮೇಲೆ ಕಂಪನಿ ಆ ಬಿಂದುವನ್ನು ಒಂದು ಜಲಾಶಯದೊಳಕ್ಕೆ ಸರಿಸಿತು.

ನಿಮಗೆ ಬೇಕಾದದ್ದು ಪಿನ್‌ಕೋಡ್. ಸೀರೆ ಪುಟದಲ್ಲೇ ‘ಪಿನ್ ಹಾಕಿ, ಡೆಲಿವರಿ ದರ ನೋಡಿ’ ಎಂಬ ಖಾನೆ ಇಡಿ. ಶಿಪ್ಪಿಂಗ್ ಝೋನ್‌ನಲ್ಲಿ 586, 587, 590, 591ರಿಂದ ಶುರುವಾಗುವ ಪಿನ್‌ಗಳಿಗೆ ಉಚಿತ ಎಂದು ಬರೆಸಿ, ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಅದರಲ್ಲಿ ಬರುತ್ತವೆ. ಇದಕ್ಕೆ ಹೊಸ ಪ್ಲಗಿನ್ ಬೇಕಿಲ್ಲ, ಪ್ರತಿ ಸಂಖ್ಯೆಯ ಕೊನೆಗೆ ಒಂದು ನಕ್ಷತ್ರ ಚಿಹ್ನೆ (586* ಹೀಗೆ) ಹಾಕಿದರೆ ಸಾಕು.

ಎಲ್ಲ ಮುಗಿಸಿದ ಮೇಲೆ ಪರೀಕ್ಷೆ ಮಾಡುವಾಗ ಹುಡುಗ ತನ್ನ ಲ್ಯಾಪ್‌ಟಾಪ್‌ನಲ್ಲಿ ನೋಡಿ ‘ಸರಿ ಇದೆ’ ಅಂದರೆ ಒಪ್ಪಬೇಡಿ. ಅಡ್ಮಿನ್ ಆಗಿ ಲಾಗಿನ್ ಆದವರಿಗೆ ಕ್ಯಾಶಿಂಗ್ ಪ್ಲಗಿನ್‌ಗಳು ಸಾಮಾನ್ಯವಾಗಿ ಕ್ಯಾಶ್ ಪುಟ ತೋರಿಸುವುದಿಲ್ಲ, ಹಾಗಾಗಿ ದೋಷ ಅವನಿಗೆ ಕಾಣುವುದೇ ಇಲ್ಲ. ಅಮೆರಿಕದಲ್ಲಿರುವ ಪರಿಚಯದವರಿಗೆ ಹೇಳಿ ಒಂದು ಸೀರೆಯ ಪುಟ ತೆರೆಸಿ, ಐದು ನಿಮಿಷ ಬಿಟ್ಟು ಅದೇ ಪುಟವನ್ನು ಇಳಕಲ್‌ನ ಫೋನಿನಲ್ಲಿ ವೈಫೈ ಆರಿಸಿ, ಇನ್‌ಕಾಗ್ನಿಟೊದಲ್ಲಿ ತೆರೆಯಿರಿ.